ಹಣ್ಣಿನ ಗಿಡಗಳನ್ನು ಸವರುವ ಕ್ರಮ



ಕಲಬುರಗಿ ನಗರದ ಹಳೆಯ ಮನೆಗಳ ಹಿತ್ತಿಲಿನಲ್ಲಾಗಲಿ, ಹೊಸ ಬಡಾವಣೆಗಳ ಅಂಗಳದಲ್ಲಾಗಲಿ, ಒಂದು ಪೇರಲ, ಒಂದು ನಿಂಬೆ, ಸ್ಥಳವಿದ್ದರೆ ಒಂದು ಮಾವು ಇರುವುದು ಅಪರೂಪವಲ್ಲ. ಇವುಗಳ ಮೇಲೆ ಮನೆಯವರು ಹೊರಿಸುವ ಅಪವಾದವೂ ಬಹುಮಟ್ಟಿಗೆ ಒಂದೇ. ಗಿಡ ಸೊಂಪಾಗಿ ಬೆಳೆದಿದೆ, ನೆರಳು ಬೇಕಾದಷ್ಟಿದೆ, ಹಣ್ಣು ಮಾತ್ರ ಕಾಣದು ಎನ್ನುತ್ತಾರೆ. ಎರಡು ಮೂರು ವರ್ಷ ಕಾದು ನೋಡಿ, ಕಡೆಗೆ ಬುಡಕ್ಕೆ ಕೊಡಲಿ ಹಾಕಿಸುತ್ತಾರೆ. ಹೀಗೆ ಬಲಿಯಾಗುವ ಗಿಡಗಳಲ್ಲಿ ಹಲವು ನಿರಪರಾಧಿಗಳೆಂದು ಹೇಳಬೇಕಾಗಿದೆ. ಕೆಲವಕ್ಕೆ ಎಂದೂ ಕತ್ತರಿ ಸೋಕಿರುವುದಿಲ್ಲ. ಕೆಲವಕ್ಕೆ ಸೋಕಬಾರದ ತಿಂಗಳಿನಲ್ಲಿ ಸೋಕಿರುತ್ತದೆ. ಆದುದರಿಂದ ಗಿಡವನ್ನು ಸವರುವುದಕ್ಕೆ ಮೊದಲು ತಿಳಿಯಬೇಕಾದ ಮುಖ್ಯ ಸಂಗತಿಯೊಂದನ್ನು ತಮ್ಮ ಮುಂದೆ ಅರಿಕೆ ಮಾಡಬೇಕೆಂದಿದ್ದೇನೆ. ಈ ಗಿಡ ತನ್ನ ಹಣ್ಣನ್ನು ಯಾವ ಕಡ್ಡಿಯ ಮೇಲೆ ಬಿಡುತ್ತದೆ, ಈ ವರ್ಷ ಚಿಗುರಿದ ಕಡ್ಡಿಯ ಮೇಲೋ, ಹಿಂದೆ ಬೆಳೆದು ಬಲಿತ ಕಡ್ಡಿಯ ಮೇಲೋ ಎಂಬುದೇ ಆ ಸಂಗತಿ. ಇದು ತಿಳಿದರೆ ಎಷ್ಟು ಕತ್ತರಿಸಬೇಕು, ಯಾವಾಗ ಕತ್ತರಿಸಬೇಕು ಎಂಬುವು ತಾವಾಗಿಯೇ ಗೊತ್ತಾಗುವುವು.

ಬಾರಿ ಹಣ್ಣಿನ ಗಿಡವನ್ನು ಮೊದಲು ತೆಗೆದುಕೊಳ್ಳೋಣ. ಮೈಸೂರಿನ ಕಡೆಯವರು ಇದನ್ನು ಎಲಚಿ ಎನ್ನುವರು. ಇದು ಹೊಸ ಕಡ್ಡಿಯಲ್ಲಿ, ಎಲೆಯ ಬುಡದಲ್ಲಿ ಹೂ ಬಿಡುವ ಜಾತಿ. ಬೇಸಿಗೆಯಲ್ಲಿ ಎಲೆ ಉದುರಿಸಿ ನಿದ್ರಿಸುವುದು ಇದರ ಸ್ವಭಾವ. ಆ ನಿದ್ರೆಯ ಕಾಲದಲ್ಲಿ, ಎಂದರೆ ಏಪ್ರಿಲ್ ಮೇ ತಿಂಗಳುಗಳಲ್ಲಿ, ಹಳೆಯ ಕಡ್ಡಿಗಳನ್ನು ಧೈರ್ಯವಾಗಿ ಮೊಟಕು ಮಾಡಿದರೆ, ಮಳೆ ಬಿದ್ದೊಡನೆ ಬಲವಾದ ಚಿಗುರು ಹೊರಟು ಚಳಿಗಾಲಕ್ಕೆ ದೊಡ್ಡ ಹಣ್ಣು ಬರುವುದು. ಕರುಣೆಯಿಂದ ಬಿಟ್ಟ ಗಿಡದಲ್ಲಿ ಹಣ್ಣು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಹೋಗುವುದು.

ಪೇರಲವೂ ಹೊಸ ಚಿಗುರಿನಲ್ಲಿಯೇ ಫಲಿಸುವುದು. ಇದರ ಹೂವಿನ ಸರದಿಗಳನ್ನು ನಮ್ಮ ದಖ್ಖನಿನ ರೈತರು ಮೃಗ ಬಹಾರ, ಹಸ್ತ ಬಹಾರ, ಅಂಬೆ ಬಹಾರ ಎಂದು ಕರೆಯುತ್ತ ಬಂದಿದ್ದಾರೆ. ಮೊದಲೆರಡು ಹೆಸರುಗಳು ನಕ್ಷತ್ರಗಳಿಂದ ಬಂದವು. ಮಳೆಗಾಲದ ಕಾಯಿ ಹೇರಳವಾಗಿದ್ದರೂ ನೀರುನೀರಾಗಿ, ನೊಣದ ಹುಳುವಿಗೆ ಆಹಾರವಾಗುವುದೇ ಹೆಚ್ಚು. ಚಳಿಗಾಲದ ಕಾಯಿಗೆ ರುಚಿಯುಂಟು. ಮೇ ತಿಂಗಳಿನಲ್ಲಿ ಕಡ್ಡಿಗಳ ತುದಿಯನ್ನು ಸವರಿದರೆ ಮಳೆಗಾಲದ ಫಸಲು ಕಡಮೆಯಾಗಿ, ಆ ಶಕ್ತಿ ಚಳಿಗಾಲದ ಫಸಲಿಗೆ ಒದಗುವುದು. ಹೀಗೆ ಕತ್ತರಿಯು ಹಣ್ಣಿನ ಸಂಖ್ಯೆಯನ್ನಷ್ಟೇ ಅಲ್ಲದೆ ಅದರ ಕಾಲವನ್ನೂ ತಿದ್ದಬಲ್ಲದು.

ಈ ವಿದ್ಯೆಯ ಪರಾಕಾಷ್ಠೆಯನ್ನು ನೋಡಬೇಕಾದರೆ ನೆರೆಯ ವಿಜಯಪುರ ಜಿಲ್ಲೆಯ ದ್ರಾಕ್ಷಿ ತೋಟಗಳಿಗೆ ಹೋಗಬೇಕು. ಅಲ್ಲಿನವರು ಸವರುವುದಕ್ಕೆ ಚಾಟನಿ ಎನ್ನುತ್ತಾರೆ. ವರ್ಷಕ್ಕೆ ಎರಡು ಚಾಟನಿ. ಏಪ್ರಿಲಿನದರಲ್ಲಿ ಬಳ್ಳಿಯನ್ನು ಬಹಳ ಗಿಡ್ಡವಾಗಿ ಕತ್ತರಿಸುತ್ತಾರೆ. ಅದರಿಂದ ಹುಟ್ಟಿದ ಕಡ್ಡಿಗಳ ಕಣ್ಣುಗಳೊಳಗೆ ಮುಂದಿನ ಗೊಂಚಲು ಅಂಕುರರೂಪದಲ್ಲಿ ಸಿದ್ಧವಾಗುವುದು. ಅಕ್ಟೋಬರಿನದರಲ್ಲಿ ಆ ಕಣ್ಣುಗಳಿರುವಷ್ಟು ಭಾಗವನ್ನು ಉಳಿಸಿ ತುದಿಯನ್ನು ತೆಗೆಯುತ್ತಾರೆ; ಆಗ ಗೊಂಚಲು ಹೊರಬೀಳುವುದು. ಒಂದು ಕಡ್ಡಿಯನ್ನು ಕಟ್ಟುವ ಚಾಟನಿ, ಮತ್ತೊಂದು ಹಣ್ಣನ್ನು ಕರೆಯುವ ಚಾಟನಿ.

ಮಾವಿನ ಧರ್ಮ ಇದಕ್ಕೆ ವ್ಯತಿರಿಕ್ತವಾದುದು. ಅದು ಹಲವು ತಿಂಗಳು ಬಲಿತು ವಿಶ್ರಮಿಸಿದ ಕಡ್ಡಿಯ ತುದಿಯಲ್ಲಿ ಹೂ ಬಿಡುವುದು. ಆದುದರಿಂದ ಕೊಯ್ಲು ಮುಗಿದೊಡನೆ, ಜೂನ್ ಜುಲೈಯಲ್ಲಿ, ಸವರಿದರೆ ಹೊಸ ಚಿಗುರಿಗೆ ಬಲಿಯಲು ಅವಕಾಶ ದೊರೆಯುವುದು. ದೀಪಾವಳಿಯ ಸುಮಾರಿಗೆ ಅಂಗಳವನ್ನು ಚೊಕ್ಕಟ ಮಾಡುವ ಉತ್ಸಾಹದಲ್ಲಿ ಮಾವಿನ ತುದಿಗಳನ್ನು ಕತ್ತರಿಸಿದವರು ಬರುವ ಹೂವನ್ನೇ ಕತ್ತರಿಸಿದಂತಾಯಿತು. ನಿಂಬೆಗಾದರೋ ಬಹಳ ಕತ್ತರಿ ಬೇಡ. ಕಾಂಡದ ಬುಡದಿಂದ ಮೇಲೆ ಒಂದೂವರೆ ಎರಡು ಅಡಿಯವರೆಗಿನ ಚಿಗುರನ್ನೂ, ನಡುವಿನಿಂದ ನೆಟ್ಟಗೆ ಏರುವ ರಸಭರಿತವಾದ ನೀರು ಚಿಗುರುಗಳನ್ನೂ ತೆಗೆದರೆ ಸಾಕು.

ಯಾವ ಗಿಡವೇ ಆಗಲಿ, ಒಣಗಿದ ಕೊಂಬೆ, ರೋಗ ತಗಲಿದ ಕೊಂಬೆ, ಒಂದನ್ನೊಂದು ಉಜ್ಜುವ ಕೊಂಬೆ, ಈ ಮೂರನ್ನು ತೆಗೆಯಲು ಸಂಕೋಚಪಡಬೇಕಾಗಿಲ್ಲ. ಮಾವಿನ ಮೇಲೆ ಬದನಿಕೆ ಹತ್ತಿದ್ದರೆ ಅದು ಬೇರೂರಿದ ಕೊಂಬೆಯ ಭಾಗವನ್ನೂ ಸೇರಿಸಿ ಕತ್ತರಿಸಬೇಕು. ಮೇಲಿನ ಸೊಪ್ಪನ್ನು ಮಾತ್ರ ಕಿತ್ತರೆ ಮತ್ತೆ ಚಿಗುರುವುದು. ಗಿಡದ ಆಕಾರವನ್ನು ತಿದ್ದುವುದು ಎಳೆತನದಲ್ಲಿಯೇ ಆಗಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆ ಮಕ್ಕಳಿಗಿಂತ ಮೊದಲು ಮರಗಳಿಗೇ ಹೇಳಿದ್ದಲ್ಲವೆ!

ಕತ್ತರಿಸುವ ರೀತಿಯಲ್ಲಿಯೂ ಎಚ್ಚರ ಬೇಕು. ದಪ್ಪ ಕೊಂಬೆಯನ್ನು ಒಂದೇ ಏಟಿಗೆ ಮೇಲಿನಿಂದ ಕಡಿದರೆ ಅದು ತನ್ನ ಭಾರದಿಂದ ಮುರಿದು, ಕಾಂಡದ ಸಿಪ್ಪೆಯನ್ನು ಬಹುದೂರ ಸುಲಿದುಕೊಂಡು ಬೀಳುವುದು. ಮೊದಲು ಕಾಂಡದಿಂದ ಒಂದು ಅಡಿ ಆಚೆ ಕೆಳಗಿನಿಂದ ಗರಗಸ ಹಾಕಿ ಸ್ವಲ್ಪ ಕೊಯ್ಯಬೇಕು. ಎರಡನೆಯದಾಗಿ ಅದಕ್ಕಿಂತ ತುಸು ಮುಂದೆ ಮೇಲಿನಿಂದ ಕೊಯ್ದು ಭಾರವನ್ನು ಇಳಿಸಬೇಕು. ಮೂರನೆಯದಾಗಿ ಉಳಿದ ಮೋಟನ್ನು ತೆಗೆಯಬೇಕು. ಕೊಂಬೆಯು ಕಾಂಡವನ್ನು ಸೇರುವೆಡೆಯಲ್ಲಿ ಬಳೆಯಂತೆ ಉಬ್ಬಿದ ಭಾಗವುಂಟು. ಕೊಯ್ತ ಆ ಬಳೆಯ ಹೊರಗೆ ಬೀಳಬೇಕು, ಅದನ್ನು ಕೆತ್ತಬಾರದು. ಮರದ ಗಾಯಗಳನ್ನು ದೀರ್ಘಕಾಲ ಪರೀಕ್ಷಿಸಿದ ಅಮೆರಿಕದ ವಿಜ್ಞಾನಿ ಅಲೆಕ್ಸ್ ಶೈಗೋ ಇದರ ಕಾರಣವನ್ನು ವಿಶದಪಡಿಸಿದರು. ನಮ್ಮ ಚರ್ಮದ ಗಾಯದಂತೆ ಮರದ ಗಾಯ ಮಾಯುವುದಿಲ್ಲ. ಮರವು ಕೆಟ್ಟ ಭಾಗದ ಸುತ್ತ ಗೋಡೆ ಕಟ್ಟಿ ಅದನ್ನು ಒಳಗೆ ಬಂಧಿಸುತ್ತದೆ. ಆ ಗೋಡೆಯ ಸಾಮಗ್ರಿ ಬಹುಮಟ್ಟಿಗೆ ಈ ಬಳೆಯಲ್ಲಿರುವುದು. ದಾಳಿಂಬೆಯ ವಿಷಯದಲ್ಲಿ ಇನ್ನೊಂದು ಮಾತು. ದುಂಡಾಣು ಅಂಗಮಾರಿ ರೋಗವು ಕತ್ತರಿಯ ಅಲಗಿನ ಮೇಲೆಯೇ ಸವಾರಿ ಮಾಡಿ ಗಿಡದಿಂದ ಗಿಡಕ್ಕೆ ಹೋಗಬಲ್ಲದು. ಪ್ರತಿ ಗಿಡಕ್ಕೂ ಅಲಗನ್ನು ಕ್ರಿಮಿನಾಶಕ ದ್ರವದಲ್ಲಿ ಅದ್ದಿ, ಗಾಯಕ್ಕೆ ಮೈಲುತುತ್ತ ಸುಣ್ಣಗಳ ಬೋರ್ಡೋ ಮುಲಾಮನ್ನು ಹಚ್ಚುವುದು ವಿಹಿತ.

ಪರದೇಶದ ಪುಸ್ತಕಗಳನ್ನು ಓದಿ ಸವರುವವರಿಗೆ ಇಲ್ಲೊಂದು ಸೂಚನೆ ಅವಶ್ಯಕ. ಸೇಬು ಬೆಳೆಯುವ ಶೀತದೇಶಗಳಲ್ಲಿ ಬಿಸಿಲು ದುರ್ಲಭ. ಅಲ್ಲಿ ಗಿಡದ ನಡುವನ್ನು ಬಟ್ಟಲಿನಂತೆ ತೆರೆದಿಡಲು ಹೇಳುವರು. ಬೇಸಿಗೆಯಲ್ಲಿ 40 ಡಿಗ್ರಿಯನ್ನು ದಾಟುವ ಕಲಬುರಗಿಯಲ್ಲಿ ಅಷ್ಟು ತೆರೆದರೆ ಕೊಂಬೆಯ ತೊಗಟೆ ಬೆಂದು ಬಿರಿದು, ಕಾಂಡ ಕೊರೆಯುವ ಹುಳುವಿಗೆ ಬಾಗಿಲಾಗುವುದು. ಗಾಳಿಯಾಡುವಷ್ಟು ತೆರೆಯಿರಿ, ಪಡುವಣ ದಿಕ್ಕಿನ ಎಲೆಗಳನ್ನು ನೆರಳಿಗಾಗಿ ಉಳಿಸಿರಿ, ಬಯಲಾದ ಕಾಂಡಕ್ಕೆ ಸುಣ್ಣ ಬಳಿಯಿರಿ.

ಇನ್ನು ಮರವೇ ಅಲ್ಲದ ಬಾಳೆಗೆ ಸವರುವ ಮಾತು ಸಲ್ಲುವುದೆ ಎಂದು ಕೇಳಬಹುದು. ಕಲಬುರಗಿಯಿಂದ ಹುಮನಾಬಾದಿನ ಹಾದಿಯಲ್ಲಿರುವ ಕಮಲಾಪುರದ ರೈತರು ಇದಕ್ಕೆ ತಕ್ಕ ಉತ್ತರ ಕೊಡಬಲ್ಲರು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕೆಂಪು ಬಾಳೆ, ಎಂದರೆ ಚಂದ್ರಬಾಳೆ, ಆ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಬಾಳೆಯಲ್ಲಿ ಕಾಂಡವಾಗಿ ಕಾಣುವುದು ಎಲೆಗಳ ಪಟ್ಟೆಗಳ ಸುತ್ತು. ನಿಜವಾದ ಕಾಂಡ ನೆಲದೊಳಗಿನ ಗಡ್ಡೆ. ಆ ಗಡ್ಡೆಯಿಂದ ಏಳುವ ಕಂದುಗಳೇ ಬಾಳೆಯ ಕೊಂಬೆಗಳೆಂದು ಭಾವಿಸಬಹುದು. ಎಲ್ಲ ಕಂದುಗಳನ್ನೂ ಬೆಳೆಯಗೊಟ್ಟರೆ ತಾಯಿಗೆ ಆಹಾರ ಸಾಲದೆ ಗೊನೆ ಬಡವಾಗುವುದು. ಆದುದರಿಂದ ಹೂ ಮೂಡುವವರೆಗೆ ತಿಂಗಳಿಗೊಮ್ಮೆಯಾದರೂ ಕಂದುಗಳನ್ನು ತೆಗೆಯುತ್ತಿದ್ದು, ಅನಂತರ ಒಂದನ್ನು ಮಾತ್ರ ಉಳಿಸಬೇಕು. ಎಳೆತನದಲ್ಲಿಯೇ ಅಗಲವಾದ ಎಲೆ ಬಿಡುವುದು ನೀರು ಕಂದು, ಅದು ನಿರುಪಯುಕ್ತ. ಬುಡ ದಪ್ಪನಾಗಿದ್ದು ಎಲೆ ಕತ್ತಿಯಂತೆ ನೀಳವಾಗಿರುವುದು ಕತ್ತಿ ಕಂದು, ಅದು ಉಳಿಯತಕ್ಕದ್ದು. ಗೊನೆ ಕಡಿದ ಮೇಲೆ ತಾಯಿಯನ್ನು ಒಡನೆ ನೆಲಸಮ ಮಾಡದೆ ಹಂತಹಂತವಾಗಿ ಕಡಿದರೆ ಅದರಲ್ಲಿ ಉಳಿದ ಸಾರ ಮಗುವಿಗೆ ಸೇರುವುದು.

ಸಾಮಾನ್ಯ ಬಾಳೆ ಒಂದು ವರ್ಷದ ಸುಮಾರಿಗೆ ಕೊಯ್ಲಿಗೆ ಬಂದರೆ, ಕೆಂಪು ಬಾಳೆ ಒಂದೂವರೆ ವರ್ಷದವರೆಗೂ ಕಾಯಿಸುವುದುಂಟು. ಅಷ್ಟು ಕಾಲ ನೀರು ಗೊಬ್ಬರ ಕೊಟ್ಟ ರೈತನಿಗೆ ತಪ್ಪು ಕಂದನ್ನು ಉಳಿಸಿದ ನಷ್ಟ ಸಣ್ಣದಲ್ಲ. ಇದಕ್ಕೂ ಮಿಗಿಲಾದ ವಿಷಯ ಒಂದಿದೆ. ಕೆಂಪು ಬಾಳೆಯಲ್ಲಿ ಒಮ್ಮೊಮ್ಮೆ ಬಣ್ಣ ತಿರುಗಿ ಹಸುರು ಕಾಯಿಯ ಗಿಡ ಕಾಣಿಸಿಕೊಳ್ಳುವುದುಂಟು. ಅಂತಹುದರ ಕಂದನ್ನು ನೆಟ್ಟರೆ ಸಂತತಿಯೂ ಹಸುರೇ. ಕೆಂಪು ಛಾಯೆಯ ಕಾಂಡವುಳ್ಳ ತಾಯಿಯ ಕಂದನ್ನೇ ಆರಿಸಿ, ಹಸುರಾದುದನ್ನು ಬೇರುಸಹಿತ ತೆಗೆಯುವ ರೈತನ ಕುಡುಗೋಲು ಆ ತಳಿಯ ಕಾವಲುಗಾರ. ಭೌಗೋಳಿಕ ಸೂಚಿಕೆಯ ಪತ್ರ ಹೆಸರನ್ನು ರಕ್ಷಿಸಬಲ್ಲದು. ಬಾಳೆಯ ಬಣ್ಣವನ್ನು ರಕ್ಷಿಸುವುದು ತೋಟದಲ್ಲಿ ನಡೆಯುವ ಈ ಆಯ್ಕೆ. ಕಮಲಾಪುರದ ರೈತನಿಗೆ ಬೇಸರ ಬಂದು ಬೇಗ ಕೈಗೆ ಬರುವ ಬೆಳೆಯತ್ತ ಹೊರಳಿದರೆ, ಈ ಆಯ್ಕೆಯ ಕಣ್ಣೂ ಅವನೊಂದಿಗೆ ಹೋಗುವುದು. ನಗರದ ನಾವು ಆ ಹಣ್ಣಿಗೆ ತಕ್ಕ ಬೆಲೆಯನ್ನು ಸಂತೋಷದಿಂದ ಕೊಡುವುದು ಈ ದೃಷ್ಟಿಯಿಂದ ಕೇವಲ ವ್ಯಾಪಾರವಲ್ಲ.

ಅಂಗಳದ ಪೇರಲಕ್ಕೂ ಕಮಲಾಪುರದ ಬಾಳೆಗೂ ಸಮಾನವಾದ ನೀತಿ ಇಷ್ಟೇ. ಯಾವುದನ್ನು ಉಳಿಸಬೇಕೆಂದು ಮೊದಲು ನಿಶ್ಚಯಿಸಿ, ಆಮೇಲೆ ಯಾವುದನ್ನು ತೆಗೆಯಬೇಕೆಂದು ಯೋಚಿಸಬೇಕು. ಹಣ್ಣು ಬಿಡದ ಗಿಡವೊಂದು ತಮ್ಮ ಅಂಗಳದಲ್ಲಿದ್ದರೆ, ಕೊಡಲಿಯವನನ್ನು ಕರೆಯುವ ಮೊದಲು ಒಂದು ವರ್ಷ ಅದರ ಚಿಗುರನ್ನೂ ಹೂವನ್ನೂ ಗಮನಿಸಿ, ತಕ್ಕ ತಿಂಗಳಿನಲ್ಲಿ ಕತ್ತರಿ ಹಿಡಿದು ನೋಡಬೇಕೆಂದು ಪ್ರಾರ್ಥನೆ.