ಹೆಸರು ಹಿಡಿದು ಕರೆಯುವ ದನಿ
(ಪಾಸ್ಖ ಕಾಲದ ನಾಲ್ಕನೇ ಭಾನುವಾರದ ಪ್ರಬೋಧನೆ)



ಸ್ವಂತ ಬುದ್ಧಿಯಿಲ್ಲದೆ ಇನ್ನೊಬ್ಬರ ಹಿಂದೆ ಹೋಗುವವರನ್ನು 'ಕುರಿ' ಎಂದು ಹಂಗಿಸುವುದು ನಮ್ಮಲ್ಲಿ ರೂಢಿ. ಹಾಗಿರುವಾಗ, ಉತ್ತಮ ಕುರಿಗಾಹಿಯ ಭಾನುವಾರವಾದ ಇಂದು ನಾವೆಲ್ಲರೂ ಪ್ರಭುವಿನ ಕುರಿಗಳು ಎಂದರೆ ನಮ್ಮ ಯುವಜನರು ಮುಸಿಮುಸಿ ನಗುವುದು ಸಹಜವೇ.

ಆದರೆ ಕುರಿ ಅಷ್ಟೊಂದು ದಡ್ಡ ಪ್ರಾಣಿಯಲ್ಲ. ಒಂದು ಕುರಿ ಬೇರೆ 50 ಕುರಿಗಳ ಮುಖಗಳನ್ನು ಎರಡು ವರ್ಷಕ್ಕೂ ಮೀರಿ ನೆನಪಿಟ್ಟುಕೊಳ್ಳಬಲ್ಲದು ಎಂದು ಇಂಗ್ಲೆಂಡಿನ ಬಾಬ್ರಹಾಂ ಸಂಸ್ಥೆಯ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದರು.

ನಮ್ಮ ಕುರುಬರಿಗೆ ಇದು ಹೊಸ ಸುದ್ದಿಯಾಗಿರಲಾರದು. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸಿ, ಕಂಬಳಿ ಹೊದ್ದು ರಾತ್ರಿಯಿಡೀ ಕಾವಲಿರುವವರನ್ನು ಕೇಳಿ ನೋಡಿ. ನಮ್ಮ ಕಣ್ಣಿಗೆ ಎಲ್ಲವೂ ಒಂದೇ. ಯಾವುದು ಕುಂಟುತ್ತಿದೆ, ಯಾವುದು ಮೇವು ಬಿಟ್ಟಿದೆ, ಯಾವ ಮರಿ ಯಾವ ತಾಯಿಯದು ಎಂದು ಅವರು ಹೇಳುತ್ತಾರೆ. ಅವರೊಂದು ಕೂಗು ಹಾಕಿದರೆ ಇಡೀ ಮಂದೆ ತಿರುಗುತ್ತದೆ. ನಾವು ಕೂಗಿದರೆ ಒಂದೂ ತಲೆ ಎತ್ತುವುದಿಲ್ಲ. ಒಮ್ಮೆ ಪ್ರಯತ್ನಿಸಿ ನಗೆಪಾಟಲಾಗಿದ್ದೇವೆ! ಸಂತ ಯೊವಾನ್ನರ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಯೇಸು ಹೇಳುವುದು ಇಂಥದೇ ಕುರಿಗಾಹಿಯನ್ನು ಕುರಿತು.

ಹೆಗಲ ಮೇಲೆ ಟಗರನ್ನು ಹೊತ್ತವನನ್ನು ಗ್ರೀಕರು ಕ್ರಿಸ್ತರಿಗೂ ಮುಂಚೆಯೇ ಕೆತ್ತಿದ್ದರು. ಶಿಲುಬೆಗೇರಿದ ಪ್ರಭುವನ್ನು ಚಿತ್ರಿಸುವುದು ಇನ್ನೂ ಅಪರೂಪವಾಗಿದ್ದ 3ನೇ ಶತಮಾನದಲ್ಲಿ, ರೋಮಿನ ಪ್ರಿಸಿಲ್ಲಾ ಭೂಗತ ಸಮಾಧಿಯಲ್ಲಿ ನಮ್ಮ ಪೂರ್ವಜರು ಬಿಡಿಸಿದ್ದು ಕುರಿಗಾಹಿಯನ್ನು. ಸತ್ತವರ ಬಳಿ ಅವರಿಗೆ ಬೇಕೆನಿಸಿದ ರೂಪ ಅದು.

ಗುರುಗಳ ಮೈಗೆ ಕುರಿಗಳ ವಾಸನೆ ಅಂಟಿರಬೇಕೆಂದು ಜಗದ್ಗುರು ಫ್ರಾನ್ಸಿಸ್ 2013ರ ಪವಿತ್ರ ಗುರುವಾರದಂದು ಕೇಳಿಕೊಂಡರು. ಆ ಮಾತನ್ನು ನಾವು ಹಲವು ಪ್ರಬೋಧನೆಗಳಲ್ಲಿ ಬಳಸಿದ್ದೇವೆ.

ಈ ಸಲದ ತಪಸ್ಸುಕಾಲದಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರಿಗೆ ಪರಮಪ್ರಸಾದ ಕೊಂಡೊಯ್ದೆವು. "ನಿಮ್ಮ ಹೆಸರೇನಮ್ಮಾ?" ಎಂದು ಕೇಳಿದೆವು. ಬೇಸರಿಸದೆ ಹೇಳಿದರು. ಹೊರಡುವಾಗ ಮಗಳು ಬಾಗಿಲ ಬಳಿ ಮೆಲ್ಲನೆ, "ಫಾದರ್, ಅಮ್ಮ ಆರು ವರ್ಷ ದಿನಾ ಬೆಳಗಿನ ಪೂಜೆಗೆ ಬರ್ತಿದ್ರು. ಮೂರನೇ ಸಾಲಲ್ಲಿ ಕೂರ್ತಿದ್ರು" ಎಂದರು. ಎರಡು ತಿಂಗಳಿಂದ ಆ ಜಾಗ ಖಾಲಿಯಿತ್ತು. ಸಭಾಭವನದ ಕಟ್ಟಡದ ಲೆಕ್ಕಪತ್ರದಲ್ಲಿ ಮುಳುಗಿದ್ದ ನಮಗೆ ಅದು ಕಾಣಿಸಿರಲಿಲ್ಲ. ಪಾಸ್ಖ ಹಬ್ಬಕ್ಕೆ ಮುನ್ನ ಆ ತಾಯಿ ಪ್ರಭುವಿನಲ್ಲಿ ನಿದ್ರಿಸಿದರು.

ಇಂದು ಪೂಜೆ ಮುಗಿದ ಮೇಲೆ ನಾವು ದೇವಾಲಯದ ಬಾಗಿಲಲ್ಲಿ ನಿಂತಿರುತ್ತೇವೆ. ದಯವಿಟ್ಟು ನಿಮ್ಮ ಹೆಸರು ಹೇಳಿ. ನಿಮ್ಮ ಪಕ್ಕದಲ್ಲಿ ಕೂರುತ್ತಿದ್ದವರು ಕೆಲವು ವಾರಗಳಿಂದ ಬಂದಿಲ್ಲವಾದರೆ, ಅವರ ಮನೆಯ ದಾರಿಯನ್ನೂ ಹೇಳಿ.