ಎಳೆಗೂಸಿಗೆ ಹಾಲೂಡಿಸುವ ವಿಚಾರ

(ಸಂಘದ ಕುಟುಂಬ ಸಭೆಯಲ್ಲಿ ಮಾಡಿದ ಭಾಷಣ)



ಈ ವಿಷಯವನ್ನು ಹೆಂಗಸರ ಸಭೆಯಲ್ಲಿ ಎತ್ತಿದರೆ ಸಾಲದೇ ಎಂದು ಬಾಗಿಲ ಬಳಿ ಒಬ್ಬರು ಕೇಳಿದರು. ಹೆಂಗಸರಿಗೆ ಹೇಳಬೇಕಾದುದು ಸ್ವಲ್ಪ ಇದೆ, ಗಂಡಸರಿಗೆ ಹೇಳಬೇಕಾದುದು ಹೆಚ್ಚು ಇದೆ. ಆದುದರಿಂದ ಎಲ್ಲರೂ ಕೂಡಿರುವ ಈ ಸಭೆಯನ್ನೇ ಆರಿಸಿಕೊಂಡೆವು.

ಗಿರಣಿಗೆ ಹೋಗುತ್ತಿದ್ದ ನಮ್ಮ ಹಿರಿಯರು ಪರೇಲ, ಲಾಲಬಾಗದ ಚಾಳುಗಳಲ್ಲಿದ್ದರು. ಒಂದೇ ಖೋಲಿ, ಹತ್ತು ಮನೆಗೆ ಒಂದೇ ನಲ್ಲಿ. ಕಷ್ಟ ಬಹಳವಿತ್ತು. ಆದರೆ ರಾತ್ರಿ ಕೂಸು ಅತ್ತರೆ ಮೂರು ಬಾಗಿಲಾಚೆಯ ಅಜ್ಜಿ ಎದ್ದು ಬರುತ್ತಿದ್ದಳು. ೧೯೮೨ರ ಮುಷ್ಕರದ ಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅಗ್ಗದ ಬಾಡಿಗೆ ಹುಡುಕುತ್ತ ನಾವು ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಕಡೆಗೆ ಸರಿದೆವು. ಇಲ್ಲಿ ಬಾಗಿಲು ಮುಚ್ಚಿಯೇ ಇರುತ್ತದೆ. ಯಜಮಾನ ಬೆಳಕು ಹರಿಯುವ ಮೊದಲೇ ಹೋಟೆಲಿಗೆ ಹೋದರೆ ಕೊನೆಯ ಲೋಕಲಿಗೆ ಬರುತ್ತಾನೆ. ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸುವುದು ಇನ್ನೂ ಉಂಟು. ಎರಡನೆಯದಕ್ಕೆ, ದೊಡ್ಡ ಮಗುವಿನ ಶಾಲೆ ತಪ್ಪೀತೆಂದು, ಅನೇಕರು ಇಲ್ಲೇ ಉಳಿಯುತ್ತಾರೆ.

ಹೀಗೆ ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ರಾತ್ರಿ, ಅಂದರೆ ಸುಮಾರಾಗಿ ಮೂರನೆಯ ರಾತ್ರಿ, ಕೂಸು ಬಿಡದೆ ಅಳುತ್ತದೆ. "ನನಗೆ ಹಾಲು ಸಾಲದು" ಎಂದು ಬಾಣಂತಿ ಕಣ್ಣೀರು ಹಾಕುತ್ತಾಳೆ. ಗಂಡ ಕೆಳಗಿಳಿದು ಔಷಧದ ಅಂಗಡಿಯಿಂದ ಹಾಲಿನ ಪುಡಿಯ ಡಬ್ಬಿ ತರುತ್ತಾನೆ. ಪ್ರೀತಿಯಿಂದಲೇ ತರುತ್ತಾನೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹೆಚ್ಚಿನ ಮನೆಗಳಲ್ಲಿ ಹಾಲು ನಿಜವಾಗಿ ಸಾಲದಾಗುವುದು ಆ ಡಬ್ಬಿ ಬಂದ ಮೇಲೆ.

ಹೋಟೆಲಿನವರಿಗೆ ಇದನ್ನು ತಿಳಿಸುವುದು ಸುಲಭ. ನಾಳೆಗೆ ಎಷ್ಟು ಅಕ್ಕಿ, ಎಷ್ಟು ಉದ್ದು ನೆನೆಹಾಕಬೇಕೆಂದು ಅಡುಗೆ ಭಟ್ಟರು ಹೇಗೆ ನಿಶ್ಚಯಿಸುತ್ತಾರೆ? ಇಂದು ಎಷ್ಟು ಇಡ್ಲಿ ಖರ್ಚಾಯಿತೆಂದು ನೋಡಿ. ಅರ್ಧ ಗಿರಾಕಿಗಳು ಎದುರಿನ ಹೋಟೆಲಿಗೆ ಹೋದರೆ ನಾಳೆ ಹಿಟ್ಟು ಕಡಿಮೆ. ತಾಯಿಯ ದೇಹವೂ ಅದೇ ಲೆಕ್ಕದಲ್ಲಿ ನಡೆಯುತ್ತದೆ. ಕೂಸು ಚೀಪಿದಷ್ಟು ಹಾಲು ತಯಾರಾಗುತ್ತದೆ. ಬಾಟ್ಲಿಯಲ್ಲಿ ಹೊಟ್ಟೆ ತುಂಬಿದ ಕೂಸು ನಿದ್ದೆ ಹೋದರೆ, ಆ ಹೊತ್ತಿನ ಹಾಲಿಗೆ ಗಿರಾಕಿ ಇಲ್ಲವೆಂದು ದೇಹ ತಿಳಿಯುತ್ತದೆ. ನಾಲ್ಕು ದಿನ ಹೀಗಾದರೆ "ಸಾಲದು" ಎಂಬ ಮಾತು ಸತ್ಯವಾಗಿಬಿಡುತ್ತದೆ. ಹಾಲು ತಯಾರಿಸುವ ರಸ ರಕ್ತದಲ್ಲಿ ಏರುವುದು ರಾತ್ರಿಯಲ್ಲೇ ಹೆಚ್ಚು. ಆದುದರಿಂದ ರಾತ್ರಿ ಹಾಲೂಡಿಸುವುದನ್ನು ತಪ್ಪಿಸಲೇಬಾರದು.

ಮೂರನೆಯ ರಾತ್ರಿಯ ಅಳುವನ್ನೆಲ್ಲ ಉಪವಾಸವೆಂದು ತಿಳಿಯಬಾರದು. ಮೊದಲ ದಿನ ಕೂಸು ಒಂದು ಸಲಕ್ಕೆ ಕುಡಿಯುವುದು ಸುಮಾರು ಒಂದು ಟೀ ಚಮಚೆಯಷ್ಟು. ಮೊದಲು ಬರುವ ಹಳದಿ ಬಣ್ಣದ ಗಟ್ಟಿ ಹಾಲು ಅಷ್ಟೇ ಇರುತ್ತದೆ, ಅಷ್ಟೇ ಸಾಕು. ಅದು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವವರಿದ್ದಾರೆ. ರೋಗವನ್ನು ತಡೆಯುವ ಶಕ್ತಿ ಕೂಸಿಗೆ ಸಿಗುವುದು ಅದರಿಂದಲೇ. ಹುಟ್ಟಿದ ಒಂದು ತಾಸಿನೊಳಗೆ ಕೂಸನ್ನು ಎದೆಗೆ ಹಿಡಿಯಬೇಕು. ಹೊಟ್ಟೆ ಕೊಯ್ದು ಹೆರಿಗೆಯಾಗಿದ್ದರೆ ಮಗ್ಗುಲಾಗಿ ಮಲಗಿಸಿ ಕುಡಿಸಬಹುದು, ದಾದಿಯರು ತೋರಿಸುತ್ತಾರೆ. ಬಿಳಿಯ ಹಾಲು ತುಂಬಿ ಬರುವುದು ಎರಡರಿಂದ ಐದು ದಿನಗಳೊಳಗೆ. ಆ ತನಕ ಗಡಿಯಾರ ನೋಡದೆ, ಕೂಸು ಕೇಳಿದಾಗಲೆಲ್ಲ, ಹಗಲು ರಾತ್ರಿ ಸೇರಿ ೮ರಿಂದ ೧೨ ಸಲ ಕೊಡಬೇಕು. ಕೇಳದೆ ನಿದ್ದೆಯಲ್ಲೇ ಇರುವ ಕೂಸನ್ನು ಎಬ್ಬಿಸಿಯಾದರೂ ಕೊಡಬೇಕು.

ಸಾಕಾಯಿತೋ ಇಲ್ಲವೋ ಎಂದು ತಿಳಿಯುವ ಬಗೆ? ಅಳುವನ್ನು ಎಣಿಸಬೇಡಿ, ಒದ್ದೆ ಬಟ್ಟೆ ಎಣಿಸಿ. ಐದನೆಯ ದಿನದ ಮೇಲೆ ೨೪ ತಾಸಿನಲ್ಲಿ ೬ ಸಲವಾದರೂ ಮೂತ್ರ ಮಾಡಬೇಕು. ಮೊದಲಿನ ಕಪ್ಪು ಮಲ ಹಳದಿಗೆ ತಿರುಗಿರಬೇಕು. ಮೊದಲ ದಿನಗಳಲ್ಲಿ ಕೂಸಿನ ತೂಕ ಸ್ವಲ್ಪ ಇಳಿಯುವುದು ಸಹಜ. ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ತೂಕದ ಚೀಟಿಯನ್ನು ಪಗಾರದ ಚೀಟಿಯಂತೆ ಜೋಪಾನವಾಗಿಡಿ.

ಅಕ್ಕಂದಿರಿಗೆ ಒಂದು ಮಾತು. ಕುಡಿಸುವಾಗ ನೋವಾದರೆ ಸಹಿಸಿಕೊಂಡು ಕೂರಬೇಡಿ. ಕೂಸು ಬರಿಯ ತೊಟ್ಟನ್ನು ಕಚ್ಚಿಕೊಂಡಿದೆ ಎಂದೇ ಬಹುಮಟ್ಟಿಗೆ ಅರ್ಥ. ಬಾಯಿ ದೊಡ್ಡದಾಗಿ ತೆರೆದು, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಿ, ಗದ್ದ ಎದೆಗೆ ತಾಗಿರಬೇಕು. ತಪ್ಪಿದರೆ ಕಿರುಬೆರಳನ್ನು ಬಾಯಂಚಿನಲ್ಲಿಟ್ಟು ಬಿಡಿಸಿ ಮತ್ತೆ ಹಿಡಿಸಿ.

ಎದೆಹಾಲಲ್ಲದೆ ಬೇರೇನನ್ನೂ ಆರು ತಿಂಗಳ ತನಕ ಬಾಯಿಗಿಡಬಾರದು. ಜೇನಿಲ್ಲ, ಸಕ್ಕರೆ ನೀರಿಲ್ಲ, ಬಜೆ ತೇದು ನೆಕ್ಕಿಸುವುದಿಲ್ಲ, ನೆರೆಮನೆಯ ಬಾಯಿ ಪ್ರೀತಿಯಿಂದ ಕೊಡುವ ಗುಟಿಯೂ ಇಲ್ಲ. ಬೇಸಿಗೆಯಲ್ಲಿಯೂ ನೀರು ಬೇಡ, ಹಾಲಿನಲ್ಲೇ ನೀರಿದೆ. ವೈದ್ಯರು ಬರೆದುಕೊಟ್ಟ ಹನಿ ಔಷಧದ ಮಾತು ಬೇರೆ. ಇದನ್ನು ಹಿರಿಯರ ನಿಂದೆಯೆಂದು ತಿಳಿಯಬೇಡಿ. ಕೂಸಿನ ಬಾಯಿಗೆ ಏನೋ ಹಾಕಿ ಸುಮ್ಮನಿರಿಸುವುದು ಈ ಊರಿನ ಕಾರ್ಮಿಕರ ಹಳೆಯ ದುಃಖ. ೧೯೨೦ರ ದಶಕದಲ್ಲಿ ಮುಂಬಯಿಯ ಗಿರಣಿ ಹೆಂಗಸರು ಪಾಳಿಗೆ ಹೋಗುವಾಗ ಎಳೆಮಕ್ಕಳಿಗೆ ಅಫೀಮು ಬೆರೆತ "ಬಾಳಗೋಳಿ" ತಿನ್ನಿಸುತ್ತಿದ್ದರೆಂದು ಆಗಿನ ತನಿಖೆಗಳು ಹೇಳುತ್ತವೆ. ತಾಯಂದಿರು ಕ್ರೂರಿಗಳಾಗಿರಲಿಲ್ಲ, ರಜೆ ಇರಲಿಲ್ಲ. ೧೯೨೯ರಲ್ಲಿ ಮುಂಬಯಿ ಪ್ರಾಂತದಲ್ಲಿ ಹೆರಿಗೆ ಸೌಲಭ್ಯದ ಕಾಯಿದೆ ಬಂತು. ಅದು ಈ ದೇಶದಲ್ಲೇ ಮೊದಲನೆಯದು. ಆಮೇಲೆ ೧೯೬೧ರ ಕಾಯಿದೆ, ೨೦೧೭ರಲ್ಲಿ ೧೨ ವಾರದ ರಜೆ ೨೬ ವಾರವಾಯಿತು. ಆದರೆ ಮನೆಗೆಲಸ ಮಾಡುವ, ಮನೆಯಲ್ಲೇ ಹಪ್ಪಳ ಲಟ್ಟಿಸುವ ನಮ್ಮ ಅಕ್ಕಂದಿರ ತನಕ ಆ ರಜೆ ಇನ್ನೂ ನಡೆದು ಬಂದಿಲ್ಲ.

ಎದೆಹಾಲಿನ ಬೆಲೆ ತಿಳಿಯಬೇಕಾದರೆ ದೂರ ಹೋಗಬೇಕಾಗಿಲ್ಲ. ಲೋಕಲಿನಲ್ಲಿ ನಾವು ದಿನವೂ ದಾಟುವ ಸಾಯನ್‌ನ ಲೋಕಮಾನ್ಯ ಟಿಳಕ ಆಸ್ಪತ್ರೆಯಲ್ಲಿ ೧೯೮೯ರಲ್ಲಿ ಡಾಕ್ಟರ್ ಆರ್ಮಿಡಾ ಫರ್ನಾಂಡಿಸ್ ಅವರು ಎದೆಹಾಲಿನ ಬ್ಯಾಂಕನ್ನು ತೆರೆದರು. ಏಷ್ಯಾ ಖಂಡದಲ್ಲೇ ಅದು ಮೊದಲನೆಯದು. ತಿಂಗಳು ತುಂಬದೆ ಹುಟ್ಟಿದ ಬಡವರ ಮಕ್ಕಳಿಗೆ ಬೇರೆ ತಾಯಂದಿರು ಕೊಟ್ಟ ಹಾಲನ್ನು ಪರೀಕ್ಷಿಸಿ, ಕಾಯಿಸಿ, ತಣಿಸಿ ಕೊಡುತ್ತಾರೆ. ಒಂದೆಡೆ ದೊಡ್ಡ ಆಸ್ಪತ್ರೆ ಹನಿಹನಿಯಾಗಿ ಕೂಡಿಡುವ ವಸ್ತುವನ್ನು ನಾವು ಸಾಲದು, ಕೆಟ್ಟದ್ದು ಎಂದು ಚೆಲ್ಲುತ್ತಿದ್ದೇವೆ. ಇನ್ನೊಂದು ತಮಾಷೆ: ಚೀಪಲಾರದ ಸಣ್ಣ ಕೂಸುಗಳಿಗೆ ಈಗ ಆಸ್ಪತ್ರೆಗಳಲ್ಲಿ ಬಾಟ್ಲಿ ಬಿಟ್ಟು ಮೂತಿಯಿರುವ ಪುಟ್ಟ ಬಟ್ಟಲಿನಿಂದ ಹಾಲು ಹಾಕುತ್ತಾರೆ. ಅದು ನಮ್ಮ ಅಜ್ಜಿಯರ ಒಳಲೆಯೇ! ಊರಿನ ಅಟ್ಟದಲ್ಲಿದ್ದರೆ ತಂದು ಕುದಿಸಿ ಇಟ್ಟುಕೊಳ್ಳಿ.

ಡಬ್ಬಿಯೇ ಪಾಪವೆಂದು ನಾವು ಹೇಳುವುದಿಲ್ಲ. ವೈದ್ಯರು ಕಾರಣ ತಿಳಿಸಿ ಬರೆದುಕೊಟ್ಟರೆ ಕೊಡಲೇಬೇಕು, ಅದರಲ್ಲಿ ತಾಯಿಗೆ ಅವಮಾನವಿಲ್ಲ. ಆಗ ಡಬ್ಬಿಯಲ್ಲಿ ಬರೆದ ಅಳತೆ ತಪ್ಪಬಾರದು. ತಿಂಗಳ ಕೊನೆಗೆ ಪುಡಿ ಉಳಿಯಲೆಂದು ನೀರು ಹೆಚ್ಚು ಬೆರೆಸಿದರೆ ಕೂಸು ಸೊರಗುತ್ತದೆ. ತೊಳೆಯದ ಬಾಟ್ಲಿಯಿಂದ ಭೇದಿ ಹತ್ತುತ್ತದೆ. ೧೯೯೨ರ ಕಾಯಿದೆಯ ಪ್ರಕಾರ ಎಳೆಮಕ್ಕಳ ಹಾಲಿನ ಪುಡಿಗೆ ಜಾಹೀರಾತು ಕೊಡುವಂತಿಲ್ಲ, ತಾಯಿಯ ಹಾಲೇ ಉತ್ತಮವೆಂದು ಡಬ್ಬಿಯ ಮೇಲೆಯೇ ಅಚ್ಚು ಹಾಕಬೇಕು. ಕೊಳ್ಳುವ ಮುನ್ನ ಓದಿ ನೋಡಿ.

ಇನ್ನು ಗಂಡಸರ ಪಾಲು. ಬಾಣಂತಿಗೆ ನೀರು ಕೊಡಬಾರದೆಂಬ ಪಥ್ಯ ನಮ್ಮಲ್ಲಿದೆ, ಅದನ್ನು ಬಿಡಿಸಿ. ಬಾಯಾರಿದಷ್ಟು ಕುಡಿಯಲಿ, ಎರಡು ಹೊತ್ತಿನ ಬದಲು ಮೂರು ಹೊತ್ತು ಉಣ್ಣಲಿ. ಸಬ್ಬಸಿಗೆ ಸೊಪ್ಪು, ಮೆಂತ್ಯೆ ಬೇಡವೆನ್ನುವುದಿಲ್ಲ. ಆದರೆ ಸೊಪ್ಪಿನಿಂದ ಹಾಲು ಉಕ್ಕುವುದಿಲ್ಲ, ಕೂಸು ಚೀಪುವುದರಿಂದ ಮತ್ತು ತಾಯಿ ಮಲಗುವುದರಿಂದ ಉಕ್ಕುತ್ತದೆ. ದಿನವಿಡೀ ನೂರು ಮೇಜಿಗೆ ತಟ್ಟೆಯಿಡುವ ನಮ್ಮ ಸಪ್ಲಾಯರ್ ಅಣ್ಣನಿಗೆ ಮನೆಯಲ್ಲಿ ಒಂದು ತಟ್ಟೆ ಬಡಿಸಿ, ನಾಲ್ಕು ಬಟ್ಟೆ ಒಗೆಯುವುದು ಭಾರವಲ್ಲ. ಭಾರವಾಗಿರುವುದು ರಜೆ. ಖಾಸಗಿ ಹೋಟೆಲಿನಲ್ಲಿ ದುಡಿಯುವ ತಂದೆಗೆ ಹೆರಿಗೆಯ ರಜೆ ಕೊಡಬೇಕೆಂಬ ಕಾನೂನಿಲ್ಲ. ಮುಂದಿನ ಸಾಲಿನಲ್ಲಿ ಕುಳಿತ ಮಾಲೀಕರಲ್ಲಿ ನಾವು ಕೇಳುವುದಿಷ್ಟೇ: ಹತ್ತು ದಿನದ ಪಗಾರಿ ರಜೆ, ಅದು ಆಗದಿದ್ದರೆ ಒಂದು ತಿಂಗಳು ರಾತ್ರಿಪಾಳಿಯಿಂದ ಬಿಡುಗಡೆ. ಪಾಳಿ ಬದಲಾಯಿಸಿಕೊಳ್ಳಲು ಜತೆಗಾರರೂ ಮುಂದೆ ಬರಬೇಕು. ಈ ತಿಂಗಳ ಕಮಿಟಿಯಲ್ಲಿ ಇದನ್ನು ಠರಾವಾಗಿ ಇಡುತ್ತೇವೆ.

ಕಡೆಗೆ, ಕಾಯಬಾರದ ಲಕ್ಷಣಗಳನ್ನು ಬರೆದುಕೊಳ್ಳಿ. ಕೂಸು ಚೀಪುವುದನ್ನು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಮೈ ಸುಟ್ಟರೆ ಇಲ್ಲವೆ ತಣ್ಣಗಾದರೆ, ಉಸಿರು ವೇಗವಾದರೆ, ಸೆಳೆತ ಬಂದರೆ, ಅಂಗೈ ಅಂಗಾಲು ಹಳದಿಯಾದರೆ, ಅರ್ಧ ದಿನ ಮೂತ್ರವಾಗದಿದ್ದರೆ ಊರಿಗೆ ಫೋನು ಮಾಡಿ ಸಲಹೆ ಕೇಳುತ್ತ ಕೂರಬೇಡಿ. ಕಳವೆಯ ಶಿವಾಜಿ ಮಹಾರಾಜ ಆಸ್ಪತ್ರೆ, ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆ, ಕಲ್ಯಾಣದ ರುಕ್ಮಿಣೀಬಾಯಿ ಆಸ್ಪತ್ರೆ, ವಾಶಿಯ ಮಹಾನಗರಪಾಲಿಕೆ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ಗಾಡಿ ಸಿಗದಿದ್ದರೆ ೧೦೮ಕ್ಕೆ ಫೋನು ಮಾಡಿ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಕೂಸನ್ನು ತಾಯಿಯ ಎದೆಗೆ ಮೈ ತಾಗುವಂತೆ ಅಪ್ಪಿಸಿ, ಮೇಲೆ ಹೊದಿಕೆ ಹೊದಿಸಿರಿ.