ಹೊಳಪಿನ ಮೋಹ

ಹಬ್ಬ ಹತ್ತಿರ ಬಂತೆಂದರೆ ಮನೆಯ ಹಿತ್ತಾಳೆ, ತಾಮ್ರದ ಸಾಮಾನೆಲ್ಲ ಹುಣಸೆಹಣ್ಣಿನ ನೀರಿಗೆ ಬೀಳುತ್ತದೆ. ಅದೇ ಭರದಲ್ಲಿ ಷೋಕೇಸಿನ ಬಿದರಿ ಹೂದಾನಿಯೂ ಬಿದ್ದರೆ ಕೆಟ್ಟಿತು. ಬಿದರಿಯ ಕಪ್ಪು ಕೊಳೆಯಲ್ಲ, ಕುಶಲಕರ್ಮಿ ಬೇಕೆಂದೇ ತಂದ ಬಣ್ಣ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಕುದಿಸಿದ ನೀರಿನಲ್ಲಿ ಅದ್ದಿದಾಗ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಹುಳಿ ಹಾಕಿ ಉಜ್ಜಿದರೆ ಹೋಗುವುದು ಆ ಕಪ್ಪೇ. ಮೈಸೂರು ಶೈಲಿಯ ಚಿತ್ರ ಇನ್ನೂ ಸೂಕ್ಷ್ಮ. ಅದರ ಚಿನ್ನದ ಹಾಳೆಯ ಕೆಳಗಿರುವ ಉಬ್ಬುಕೆಲಸ ಅಂಟು ಬೆರೆತದ್ದು. ಒದ್ದೆ ಬಟ್ಟೆ ಸೋಕಿದರೆ ಮೆತ್ತಗಾಗಿ ಏಳುತ್ತದೆ. ಮನೆಯ ಕಲಾಕೃತಿಗೆ ಕಾಲ ಮಾಡುವ ಹಾನಿಗಿಂತ ನಮ್ಮ ಅತಿಯಾದ ಆರೈಕೆ ಮಾಡುವ ಹಾನಿಯೇ ಅನೇಕ ಸಲ ಹೆಚ್ಚು.

ಹಾಗಾದರೆ ದೇವರ ಪಂಚಲೋಹದ ವಿಗ್ರಹವನ್ನೂ ತೊಳೆಯಬಾರದೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪೂಜೆಯ ಮೂರ್ತಿ ಇರುವುದೇ ಅಭಿಷೇಕಕ್ಕೆ. ವಸ್ತುಸಂಗ್ರಹಾಲಯದ ನಿಯಮ ಅದಕ್ಕೆ ಹೊಂದದು. ಆದರೂ ತೊಳೆಯುವುದು ಬೇರೆ, ಪುಡಿ ಹಾಕಿ ತಿಕ್ಕುವುದು ಬೇರೆ. ಕಣ್ಣು ಮೂಗು ಸವೆದ ಮೂರ್ತಿಗಳೇ ಇದಕ್ಕೆ ಸಾಕ್ಷಿ. ಇನ್ನು ಮುರಿದದ್ದರ ಮಾತು. ಶ್ರೀಗಂಧದ ಬೊಂಬೆಯ ಕೈಗೆ ಎಪಾಕ್ಸಿ ಅಂಟು ಹಚ್ಚುವುದು ಸುಲಭ, ಬಿಡಿಸುವುದು ಬಲು ಕಷ್ಟ. ಸೊಟ್ಟಗೆ ಕೂತ ಕೈ ಸೊಟ್ಟಗೇ ಉಳಿಯುತ್ತದೆ. ಸಂರಕ್ಷಣಾ ತಜ್ಞರು ಮುಂದೆ ಬಿಡಿಸಬಹುದಾದ ಅಂಟನ್ನೇ ಆರಿಸುವುದು ಇದಕ್ಕೇ. ತಜ್ಞರು ದುಬಾರಿ ಎನ್ನುವ ಆಕ್ಷೇಪವೂ ನಿಜ. ಆದರೆ ಮುರಿದ ಚೂರನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಎತ್ತಿಡಲು, ಚಿತ್ರವನ್ನು ಬಿಸಿಲು ಬೀಳದ, ಮಳೆಗಾಲದಲ್ಲಿ ತೇವ ಹಿಡಿಯದ ಗೋಡೆಗೆ ಸರಿಸಲು, ಬಿದರಿಯನ್ನು ಒಣಗಿದ ಮೆತ್ತನೆ ಬಟ್ಟೆಯಿಂದ ಒರೆಸಲು ಕಾಸು ಬೇಕಿಲ್ಲ.